ಅಯಾಚಿತ ಕರೆ ಮೀಮಾಂಸೆ

ಸಂಶೋಧನ ಪ್ರಬಂಧವೆಂಬುದು ಉದ್ದೇಶ, ವ್ಯಾಪ್ತಿ, ಮಿತಿ ಎಂಬ ಮೂರು ಕಾಲುಗಳ ಮೇಲೆ ನಿಲ್ಲತಕ್ಕುದೆಂದು ವಿದ್ವಜ್ಜನರು ವಿಧಿಸಿರುವುದರಿಂದ, ಮೊದಲು ಆ ಕಾಲುಗಳನ್ನು ನೆಟ್ಟು ಮುಂದುವರಿಯುತ್ತೇನೆ. ಉದ್ದೇಶ: ಬೇಡದೆ ಬರುವ ಕರೆಗಳಿಂದ ಮನುಷ್ಯನ ಹತ್ತಂಕಿಯ ಸಂಖ್ಯೆಯನ್ನು ಕಾಪಾಡುವ ಉಪಾಯಗಳ ಶೋಧನೆ. ವ್ಯಾಪ್ತಿ: ಕೊಳಕೂರವೆಂಬ ಊರನ್ನು ನಾಭಿಯಾಗುಳ್ಳ ಆಳಂದ, ಅಫಜಲಪುರ, ಜೇವರಗಿಗಳ ಸೀಮೆ. ಮಿತಿ: ಇದೇ ವಾಕ್ಯವನ್ನು ಬರೆಯುತ್ತಿರುವಾಗ ಒಬ್ಬ ಹೆಣ್ಣುಮಗಳು ಕರೆಮಾಡಿ, ನಾನು ಕೇಳದಿದ್ದ ಐದು ಲಕ್ಷ ರೂಪಾಯಿಯ ಸಾಲವು ನನಗೆ ಮೊದಲೇ ಮಂಜೂರಾಗಿರುವ ಶುಭವಾರ್ತೆಯನ್ನು ಹಿಂದಿಯಲ್ಲಿ ಅರುಹಿದಳಾಗಿ, ವಿಚಾರಸರಣಿಯಲ್ಲಿ ಅಲ್ಲಲ್ಲಿ ಬಿರುಕು ಕಾಣಿಸಿಕೊಂಡೀತು.

ಶಬ್ದನಿಷ್ಪತ್ತಿಯಿಂದ ತೊಡಗುವುದು ಶಿಷ್ಟಾಚಾರ. ಹಳಗನ್ನಡದಲ್ಲಿ ಕೂಗಿ ಬರಮಾಡಿಕೊಳ್ಳುವುದು ‘ಕರೆ’. ಕೆಚ್ಚಲಿನಿಂದ ಹಾಲು ಹಿಂಡುವುದು ‘ಕಱೆ’. ಬಟ್ಟೆಗೆ ಹತ್ತಿ ಬಿಡದ ಕಲೆಯೂ ‘ಕಱೆ’ಯೇ. ಶಕಟರೇಫವು ಸಾಧಾರಣ ರೇಫದಲ್ಲಿ ಲೀನವಾದಾಗ, ಒಂದಕ್ಷರ ಹೋದರೆ ಬರೆಯುವವನ ಕೈಗೆ ಅಷ್ಟು ಶ್ರಮ ಕಡಮೆಯೆಂದು ನಮ್ಮ ಹಿರಿಯರು ಸುಮ್ಮನಾದರು. ಆ ಔದಾಸೀನ್ಯದ ಫಲವನ್ನು ನಾವೀಗ ಉಣ್ಣುತ್ತಿದ್ದೇವೆ: ಕರೆಯುವವನು ಯಾವನು, ಕಱೆಯುವವನು ಯಾವನು ಎಂಬ ವಿವೇಕವು ಲಿಪಿಯಿಂದ ಅಳಿದುಹೋದಂತೆಯೇ ಲೋಕದಿಂದಲೂ ಅಳಿದುಹೋಗಿದೆ. ವೈಯಾಕರಣರ ಅಲಕ್ಷ್ಯಕ್ಕೆ ಗೋವುಗಳು ದಂಡ ತೆತ್ತ ಉದಾಹರಣೆ ಅನ್ಯ ಭಾಷೆಗಳಲ್ಲಿ ವಿರಳವೆಂದು ನನ್ನ ನಂಬುಗೆ.

ಇನ್ನು ವರ್ಗೀಕರಣ. ಟ್ರಾಯ್ ಎಂಬ ಹ್ರಸ್ವನಾಮದಿಂದ ವಿಖ್ಯಾತವಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ತನ್ನ 2018ರ ನಿಯಮಾವಳಿಯಲ್ಲಿ ವಾಣಿಜ್ಯ ಸಂವಹನವನ್ನು ಎಂಟು ಬಗೆಯಾಗಿ ವಿಂಗಡಿಸಿದೆ: ಬ್ಯಾಂಕು ವಿಮೆಗಳದು, ಸ್ಥಿರಾಸ್ತಿಯದು, ಶಿಕ್ಷಣದ್ದು, ಆರೋಗ್ಯದ್ದು, ಗೃಹೋಪಯೋಗಿ ವಸ್ತು ವಾಹನಗಳದು, ಸಂಪರ್ಕ ಮನರಂಜನೆಗಳದು, ಪ್ರವಾಸದ್ದು, ಆಹಾರ ಪಾನೀಯಗಳದು. ಅಲಂಕಾರಶಾಸ್ತ್ರದ ನಾಯಿಕೆಯರೂ ಎಂಟೇ ಆಗಿರುವುದು ಕಾಕತಾಳೀಯವೆಂದು ಯಾವ ವಿದ್ವಾಂಸನು ತಾನೇ ಒಪ್ಪಿಯಾನು? ಕತ್ತಲಾಗುವ ಹೊತ್ತಿಗೆ ತಾನಾಗಿ ಅರಸಿಕೊಂಡು ಬರುವ ಬ್ಯಾಂಕಿನ ಕರೆ ಅಭಿಸಾರಿಕೆ. ‘ನಿನ್ನೆ ಫೋನ್ ಮಾಡಿದ್ದೆವು, ತಾವು ಎತ್ತಲಿಲ್ಲ’ ಎಂದು ಮುನಿಯುವ ವಿಮೆಯ ಕರೆ ಖಂಡಿತೆ. ಕಲಬುರಗಿಯ ಹೊರವಲಯದಲ್ಲಿ ಪ್ಲಾಟುಗಳನ್ನು ಸಿಂಗರಿಸಿಟ್ಟು ದಾರಿ ಕಾಯುವ ಸ್ಥಿರಾಸ್ತಿಯ ಕರೆ ವಾಸಕಸಜ್ಜಿಕೆ. ನಾಲ್ಕನೆಯವಳಿಗಾಗಿ ಲಕ್ಷಣಗ್ರಂಥಗಳನ್ನು ತಡವುತ್ತಿರುವಾಗ, ಹಿಂದಿನ ಅಭಿಸಾರಿಕೆಯೇ ಬೇರೊಂದು ಸಂಖ್ಯೆಯಿಂದ ಮರಳಿ ಬಂದು, ತಾನು ಅವಳಲ್ಲವೆಂದು ಸಾಧಿಸಿದಳು. ಉಳಿದ ಐವರನ್ನು ವಾಚಕರು ತಂತಮ್ಮ ಫೋನಿನಲ್ಲಿಯೇ ಕಂಡುಕೊಳ್ಳತಕ್ಕುದು. ನನಗೆ ಸಾಕಾಗಿದೆ.

ಪರಿಹಾರಕಾಂಡವು ಇದಕ್ಕಿಂತ ಗಂಭೀರವಾದುದು. 2007ರಲ್ಲಿ ‘ಕರೆ ಬೇಡ’ ಎನ್ನುವವರ ರಾಷ್ಟ್ರೀಯ ಪಟ್ಟಿಯೊಂದು ಹುಟ್ಟಿತು, ಕರೆಗಳು ನಿಲ್ಲಲಿಲ್ಲ. 2011ರ ಸೆಪ್ಟೆಂಬರ್ 27ರಿಂದ ಹೊಸ ನಿಯಮಗಳು ಜಾರಿಯಾಗಿ, ‘ಗ್ರಾಹಕ ಆದ್ಯತೆ’ ಎಂಬ ಹೊಸ ಬಿರುದಿನೊಡನೆ ಅದೇ ಕಾರ್ಯವು ಮುಂದುವರಿಯಿತು, ಕರೆಗಳೂ ಮುಂದುವರಿದುವು. 2018ರಲ್ಲಿ ಬ್ಲಾಕ್‌ಚೈನ್ ಎಂಬ ಮಂತ್ರವನ್ನು ಉಚ್ಚರಿಸಲಾಯಿತು. ಮಾರಾಟದ ಕರೆಗಳಿಗೆ 140, ಬ್ಯಾಂಕು ಮೊದಲಾದವರ ಸೇವಾ ಕರೆಗಳಿಗೆ 1600 ಎಂದು ಹಣೆಗೆ ತಿಲಕವಿಡುವ ವ್ಯವಸ್ಥೆಯಾಯಿತು. ತಿಲಕವೊಲ್ಲದವರು ನನ್ನ ನಿಮ್ಮಂಥ ಸಾಧಾರಣ ಹತ್ತಂಕಿಯ ವೇಷದಲ್ಲಿ ಹಿತ್ತಿಲ ಬಾಗಿಲಿಂದ ಬಂದರು. ಇವರ ಮೇಲೆ ದೂರುವವನು 1909ಕ್ಕೆ, ಕರೆದವನ ಸಂಖ್ಯೆ, ದಿನ, ಅವನಾಡಿದ ಮಾತಿನ ಸಾರ ಇವನ್ನೆಲ್ಲ ಬರೆದು ಕಳಿಸತಕ್ಕುದು. ಇದಕ್ಕೆ ಮೊದಲು ಮೂರು ದಿನಗಳ ಅವಧಿಯಿದ್ದುದನ್ನು 2025ರ ಫೆಬ್ರುವರಿಯ ತಿದ್ದುಪಡಿಯಲ್ಲಿ ಏಳಕ್ಕೆ ಏರಿಸಲಾಗಿದೆ. ಅಂದರೆ ಹೊಲದಲ್ಲಿ ಕಳೆ ಕೀಳುತ್ತಿರುವವನು ಕುಡುಗೋಲನ್ನು ಕೆಳಗಿಟ್ಟು, ತನ್ನನ್ನು ಪೀಡಿಸಿದವನ ಜೀವನಚರಿತ್ರೆಯನ್ನು ಸಂಕ್ಷೇಪವಾಗಿ ರಚಿಸುವ ಸಾಹಿತ್ಯಸೇವೆಗೆ ಈಗ ಪೂರಾ ಒಂದು ವಾರದ ಬಿಡುವು ದೊರೆತಿದೆ.

‘ಆದ್ಯತೆ’ ಎಂಬ ಈ ಒಂದು ಪದದ ಬಳಿ ನನ್ನ ಪಾಂಡಿತ್ಯವೆಲ್ಲ ಕೈಕೊಡುತ್ತದೆ. ನನ್ನ ಮನೆಯಲ್ಲಿ ನಾನು ಸುಮ್ಮನೆ ಕುಳಿತಿರಬಯಸುವುದು ಎಂಟು ಕೋಣೆಗಳಲ್ಲಿ ಗುರುತುಹಾಕಿ ತಿಳಿಸಬೇಕಾದ ಒಂದು ‘ಆದ್ಯತೆ’ಯೇ? ಕಳ್ಳತನವನ್ನು ಇಷ್ಟಪಡದವರೆಲ್ಲ ಚಾವಡಿಗೆ ಬಂದು ಹೆಸರು ಬರೆಸತಕ್ಕುದು, ಬರೆಸದವರ ಮನೆಗೆ ಕನ್ನವಿಕ್ಕಲು ಅಡ್ಡಿಯಿಲ್ಲ ಎಂದು ಯಾವ ಊರಿನಲ್ಲಿಯಾದರೂ ಡಂಗುರ ಹೊಡೆದುದುಂಟೆ?

ಕಲಬುರಗಿ ಸೀಮೆಯವರಿಗೆ ಈ ವಿಷಯದಲ್ಲಿ ಮಾತನಾಡಲು ವಿಶೇಷ ಅಧಿಕಾರವಿದೆ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಇಲ್ಲಿಯ ಮರತೂರಿನವನೆಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವಷ್ಟೆ. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ‘ಅಸ್ವಾಮಿವಿಕ್ರಯ’ವೆಂಬ ಒಂದು ಪ್ರಕರಣವೇ ಇದೆ: ತನ್ನದಲ್ಲದ ವಸ್ತುವನ್ನು ಮಾರುವುದು. ಪರರು ಮಾರಿದ ತನ್ನ ಸ್ವತ್ತನ್ನು ಒಡೆಯನು ಮರಳಿ ಪಡೆಯಬಹುದು. ಗುಟ್ಟಾಗಿ ಕೊಂಡವನಿಗೂ ದೋಷ ತಪ್ಪದು. ಈಗ ನನ್ನ ಸಂಖ್ಯೆಯ ಪ್ರವಾಸಕಥನವನ್ನು ಲಾಲಿಸಿರಿ. ಪೇಟೆಯ ಅಂಗಡಿಯೊಂದರಲ್ಲಿ ಎರಡು ಧೋತರ ಕೊಂಡೆ. ನಂಬರು ಹೇಳದೆ ಬಿಲ್ಲು ಏಳದೆಂದರು, ಹೇಳಿದೆ. (ಗ್ರಾಹಕರ ನಂಬರಿಗಾಗಿ ಅಂಗಡಿಯವರು ಒತ್ತಾಯಿಸಕೂಡದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿಯೇ ತಿಳಿಸಿತ್ತು, ಅದು ಗಲ್ಲೆಯ ಮೇಲಿನ ಹುಡುಗನಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ.) ವಾರದೊಳಗೆ ನನ್ನ ಮಂಡಿನೋವಿನ ವಿಚಾರವಾಗಿ ನನಗಿಂತ ಹೆಚ್ಚು ಕಳವಳಪಡುವವರು ಹೈದರಾಬಾದಿನಲ್ಲಿ ಹುಟ್ಟಿಕೊಂಡರು. ಧೋತರಕ್ಕೂ ಮಂಡಿಗೂ ಇರುವ ಸಂಬಂಧ ಸುವಿದಿತವೇ ಆದರೂ, ನಡುವೆ ಕುಳಿತು ಮಾರಿದವನು ಯಾರು? ವಿಜ್ಞಾನೇಶ್ವರನಿದ್ದಿದ್ದರೆ ಮೊದಲು ಆ ಪ್ರಶ್ನೆಯನ್ನು ಕೇಳುತ್ತಿದ್ದನು. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ದಿಲ್ಲಿಯ ಕಟ್ಟೆಯೇರಿದ ಫಲವಾಗಿ, ಒಂಬತ್ತು ಮಂದಿಯ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು; 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೊಂದು ಕಾಯಿದೆಯೂ ಆಯಿತು. ಇಷ್ಟೆಲ್ಲ ಆದಮೇಲೆಯೂ ಕಳುವಾದ ಸ್ವತ್ತಿನ ಒಡೆಯನೇ ಸಾಕ್ಷಿ, ಕರಣಿಕ, ತಳವಾರ ಎಲ್ಲವೂ ಆಗಿ ತಿರುಗಬೇಕಾಗಿರುವುದನ್ನು ಕಂಡರೆ, ಅಣಕವಾಡುತ್ತಿದ್ದ ಲೇಖನಿಯೂ ಮುಷ್ಟಿಯಾಗುತ್ತದೆ.

ಪ್ರಾಯೋಗಿಕ ಉಪಾಯಗಳಲ್ಲಿ ನಾನು ಕಂಡುದು ಒಂದೇ, ಅದು ನಮ್ಮವ್ವನದು. ಅವಳು ಯಾವ ಕರೆಯನ್ನೂ ಕತ್ತರಿಸಳು. ಒಂದು ಮಧ್ಯಾಹ್ನ ಕ್ರೆಡಿಟ್ ಕಾರ್ಡು ಮಾರುವ ಹುಡುಗಿಯೊಬ್ಬಳು ಬೆಂಗಳೂರಿನಿಂದ ಕನ್ನಡದಲ್ಲಿಯೇ ಪಾಠವೊಪ್ಪಿಸತೊಡಗಿದಾಗ, ಅವ್ವ ನಡುವೆ ತಡೆದು, “ಅದೆಲ್ಲಾ ಇರ್ಲಿ, ನೀ ಯಾವೂರಾಕಿ ಯವ್ವಾ? ಉಂಡೀ ಏನ?” ಎಂದಳು. ಆಚೆ ಕಡೆ ಮೌನ. ಬಳಿಕ ಹುಡುಗಿ ತಾನು ಸಿಂದಗಿ ಕಡೆಯವಳೆಂದೂ, ದಿನದ ಲೆಕ್ಕದಷ್ಟು ಕರೆ ಮುಗಿಯದೆ ಊಟಕ್ಕೆ ಏಳುವಂತಿಲ್ಲವೆಂದೂ ಹೇಳಿದಳು. “ಉಂಡು ಫೋನ್ ಹಚ್ಚವ್ವಾ, ನಾ ಎಲ್ಲಿ ಹೋಗ್ತೀನಿ” ಎಂದಳು ಅವ್ವ. ಆ ಹುಡುಗಿ ಮತ್ತೆ ಕರೆಯಲಿಲ್ಲ. ಟ್ರಾಯಿನ ನಿಯಮಾವಳಿಯಲ್ಲಿ ಈ ಉಪಾಯದ ಪ್ರಸ್ತಾಪವಿಲ್ಲ.

ಆದರೆ ಅವ್ವ ಕರೆ ಕತ್ತರಿಸದಿರುವುದು ಉಪಾಯವೆಂದಲ್ಲ. ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ದುಡಿಯಹೋದ ಮಕ್ಕಳ ದನಿ ಬರುವುದು ಈ ಒಂದು ಯಂತ್ರದಿಂದಲೇ. ತೊಗರಿ ರಾಶಿಯ ನಡುವೆ ಫೋನು ಬಡಿದರೆ ಅವಳು ಕೈಯ ಧೂಳನ್ನು ಸೆರಗಿಗೆ ಒರಸಿಕೊಳ್ಳುತ್ತ ಓಡಿ ಬರುತ್ತಾಳೆ. ನಾನು ಓದಿದವನು, ಅಪರಿಚಿತ ಸಂಖ್ಯೆಗಳನ್ನು ನೋಡಿದೊಡನೆ ಕತ್ತರಿಸುವ ವಿವೇಕವನ್ನು ಗಳಿಸಿದವನು. ಹೋದ ವರ್ಷ ಒಂದು ರಾತ್ರಿ ಅಂಥ ಒಂದೇ ಸಂಖ್ಯೆ ಮೂರು ಸಲ ಬಂದಿತು. ಮೂರು ಸಲವೂ ಕತ್ತರಿಸಿ, ಸಾಲದವರಿಗೆ ಈಗ ರಾತ್ರಿಯೂ ಬಿಡುವಿಲ್ಲವೆಂದು ಗೊಣಗಿ ಮಲಗಿದೆನು. ಮರುದಿನ ಬೆಳಗಿನ ಬಸ್ಸಿಗೆ ತಮ್ಮನ ಮಗ ಪುಣೆಯಿಂದ ಬಂದಿಳಿದನು. ರೈಲಿನಲ್ಲಿ ಅವನ ಫೋನು ಕಳುವಾಗಿತ್ತು. ಕಲಬುರಗಿ ಸ್ಟೇಷನ್ನಿನಲ್ಲಿ ಯಾರದೋ ಫೋನು ಬೇಡಿ, ತನಗೆ ಬಾಯಿಪಾಠವಾಗಿದ್ದ ಒಂದೇ ನಂಬರಿಗೆ ಹಚ್ಚಿದ್ದನು. ಆಮೇಲೆ ಜ್ವರದ ಮೈಯಲ್ಲಿ ಬೆಳತನಕ ಬೆಂಚಿನ ಮೇಲೆ ಕುಳಿತಿದ್ದನು.

“ನಿಮ್ದು ಬಿಜಿ ಇತ್ತೇನೋ ಅನ್ಕೊಂಡೆ, ದೊಡ್ಡಪ್ಪಾ” ಎಂದನು. ಅವ್ವ ನನ್ನತ್ತ ನೋಡದೆ ಅವನಿಗೆ ನೀರು ಕಾಸಲು ಒಳಗೆ ಹೋದಳು.