ಕೈಮರದ ಐದನೇ ಕೈ

ನಮ್ಮ ಅರಸೀಕೆರೆ ತಾಲ್ಲೂಕಿನಲ್ಲಿ ಗಂಡಸಿಗಳು ಎರಡು. ಒಂದು ಊರು, ಇನ್ನೊಂದು ಹ್ಯಾಂಡ್‌ಪೋಸ್ಟು. ಊರಿನಲ್ಲಿ ಇರುವವರು ಇರುತ್ತಾರೆ, ಹ್ಯಾಂಡ್‌ಪೋಸ್ಟಿನಲ್ಲಿ ಹೊರಟವರು ನಿಂತಿರುತ್ತಾರೆ. ಹ್ಯಾಂಡ್‌ಪೋಸ್ಟ್ ಅಂದರೆ ಕೈಮರ. ಅರಸೀಕೆರೆಗೊಂದು ಕೈ, ಹಾಸನಕ್ಕೊಂದು, ತಿಪಟೂರಿಗೊಂದು, ಚನ್ನರಾಯಪಟ್ಟಣಕ್ಕೊಂದು. ಇಷ್ಟು ವರ್ಷ ನಮ್ಮ ಹೋಬಳಿಯ ಮಕ್ಕಳ ಹಣೆಬರಹವೆಲ್ಲ ಈ ನಾಲ್ಕು ದಿಕ್ಕಿನ ಬಸ್ಸುಗಳಲ್ಲೇ ತೀರ್ಮಾನವಾಗುತ್ತಿತ್ತು. ಹೋದ ತಿಂಗಳು ನಮ್ಮ ಭಾವ ಆ ಕೈಮರಕ್ಕೆ ಐದನೇ ಕೈ ಸಿಕ್ಕಿಸಿದರು. ಅದು ಜಾರ್ಜಿಯಾ ಕಡೆಗೆ ತೋರಿಸುತ್ತಿದೆ.

ವಿಷಯ ಇಷ್ಟೆ. ಭಾವನ ಮಗಳಿಗೆ ನೀಟ್‌ನಲ್ಲಿ ಬಂದ ಅಂಕ ಎಂಬಿಬಿಎಸ್‌ಗೆ ಸಾಲದು, ಸುಮ್ಮನೆ ಕೂರುವುದಕ್ಕೆ ಜಾಸ್ತಿ. ಅಂಥ ಅಂಕದವರಿಗೆಂದೇ ದೇವರು ಮನುಷ್ಯನಿಗೆ ಹಲ್ಲು ಕೊಟ್ಟಿದ್ದಾನೆ. ದೊಡ್ಡವಳಾದ ಮೇಲೆ ಹಲ್ಲಿನ ಡಾಕ್ಟರಾಗ್ತೀನಿ ಅಂತ ನಮ್ಮ ಕಡೆಯ ಯಾವ ಮಗುವೂ ಹೇಳಿದ್ದನ್ನು ನಾನು ಕೇಳಿಲ್ಲ. ಡೆಂಟಲ್‌ಗೆ ಯಾರೂ ಹೋಗುವುದಿಲ್ಲ, ಬೀಳುತ್ತಾರೆ. ತೆಂಗಿನಕಾಯಿ ಬಿದ್ದ ಹಾಗೆ.

ತೆಂಗಿನಕಾಯಿ ಅಂದದ್ದಕ್ಕೆ ಕಾರಣವಿದೆ. ಭಾವನ ಮನೆಯ ಬ್ಯಾಂಕು ಇರುವುದು ಅಟ್ಟದ ಮೇಲೆ. ಕಾಯಿ ಅಲ್ಲಿ ಹೆಚ್ಚುಕಮ್ಮಿ ವರ್ಷ ಒಣಗಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಟಲೊಟ ಅನ್ನಬೇಕು. ಆಗ ಸುಲಿದು, ಒಡೆದು, ಉಂಡೆ ಕೊಬ್ಬರಿ ತೆಗೆದು ಮಾರುಕಟ್ಟೆಗೆ ಹಾಕುವುದು. ಪೇಟೆಯ ರೇಟು ಹೇಗೆ ಕುಣಿದರೂ ಭಾವ ಲೆಕ್ಕ ಹಾಕುವುದು ಬೆಂಬಲ ಬೆಲೆಯಲ್ಲೇ. 2025ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕಟ್ಟಿದ್ದು ಕ್ವಿಂಟಲಿಗೆ 12,100 ರೂಪಾಯಿ. ಭಾವನಿಗೆ ರೂಪಾಯಿ, ಡಾಲರು, ಯೂರೋ ಯಾವುದೂ ಅರ್ಥವಾಗುವುದಿಲ್ಲ ಅಂತಲ್ಲ. ಎಲ್ಲವನ್ನೂ ಮೊದಲು ಕ್ವಿಂಟಲ್ ಮಾಡಿಕೊಂಡು ಆಮೇಲೆ ಗಾಬರಿಯಾಗುತ್ತಾರೆ.

ಜಗಲಿಯ ಮೇಲೆ ಪಂಚಾಯ್ತಿ ಸೇರಿತು. ಅಕ್ಕ ಕೇಳಿದ ಮೊದಲ ಪ್ರಶ್ನೆ: ‘ಹೆಸರಿನ ಮುಂದೆ ಡಾಕ್ಟ್ರು ಅಂತ ಹಾಕ್ಕಬೌದಾ?’ ಹಾಕಿಕೊಳ್ಳಬಹುದು ಅಂದೆ. ‘ಲಗ್ನಪತ್ರಿಕೇಲೂವೆ?’ ಅಲ್ಲಂತೂ ಖಂಡಿತ ಅಂದೆ. ಅಲ್ಲಿಗೆ ಡೆಂಟಲ್ ಓದಬೇಕೋ ಬೇಡವೋ ಎಂಬ ಚರ್ಚೆ ಮುಗಿಯಿತು. ಇನ್ನು ಉಳಿದದ್ದು ಎಲ್ಲಿ ಅನ್ನುವುದು.

ಅಕ್ಕನನ್ನು ನೋಡಿ ನಗಬೇಡಿ. ಬಿರುದಿನ ಚಪಲ ನಮ್ಮ ಜಿಲ್ಲೆಯ ಮಣ್ಣಿನದ್ದು. ಬೇಲೂರಿನ ಚೆನ್ನಕೇಶವನ ಗುಡಿಯ ಮದನಿಕೆಯರ ಪೀಠ ನೋಡಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಬರೀ ಹೆಸರಲ್ಲ, ಎದುರಾಳಿ ಶಿಲ್ಪಿಗಳ ಸೊಕ್ಕು ಮುರಿಯುವವರು ಎಂಬ ಧಾಟಿಯ ಬಿರುದು ಸಮೇತ. ಬಳ್ಳಿಗಾವೆಯಿಂದ ಬೇಲೂರು ಆ ಕಾಲಕ್ಕೆ ಫಾರಿನ್ನೇ. ವ್ಯತ್ಯಾಸ ಒಂದೇ: ಅವರು ಮದನಿಕೆ ಮುಗಿಸಿ ಬಿರುದು ಕೆತ್ತಿದರು, ನಾವು ಲಗ್ನಪತ್ರಿಕೆ ಅಚ್ಚಿಗೆ ಕೊಟ್ಟು ಕಾಲೇಜು ಹುಡುಕುತ್ತೇವೆ. ಅಂದ ಹಾಗೆ ಬಿಡಿಎಸ್ ಮೊದಲ ವರ್ಷ ಮಕ್ಕಳಿಗೆ ಕೊಡುವುದೂ ಕೆತ್ತನೆ ಕೆಲಸವೇ. ಮೇಣದ ತುಂಡಿನಲ್ಲಿ ಬಾಚಿಹಲ್ಲು, ಕೋರೆಹಲ್ಲು, ದವಡೆಹಲ್ಲು ಕೆತ್ತಬೇಕು. ಇದನ್ನು ಹೇಳಿದಾಗ ಅಕ್ಕನ ಮುಖ ಸಣ್ಣಗಾಯಿತು. ‘ಅಷ್ಟ್ ದುಡ್ ಕೊಟ್ಟು ಮೇಣ ಕೆತ್ತದಾ?’

ಇಲ್ಲೇ ಓದಿಸಬಹುದಲ್ಲ ಅಂತ ನಾನೇ ಬಾಯಿಬಿಟ್ಟೆ. ಕರ್ನಾಟಕದಲ್ಲಿ 40ಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ. ಬೆಂಗಳೂರಿನ ಕೋಟೆಯಲ್ಲಿರುವ ಸರ್ಕಾರಿ ಕಾಲೇಜಿಗೆ ರ್‍ಯಾಂಕ್ ಬೇಕು, ಹೋಗಲಿ. ಮಣಿಪಾಲ, ದಾವಣಗೆರೆ, ಧಾರವಾಡ, ಮಂಗಳೂರು, ಸುಳ್ಯ ಎಲ್ಲ ಕಡೆ ಹಲ್ಲಿನ ಓದಿದೆ. ಮಲೇಷಿಯಾದ ಮಕ್ಕಳು ಸಮುದ್ರ ದಾಟಿ ಮಣಿಪಾಲಕ್ಕೆ ಬಂದು ಓದಿ ಹೋದರು. ಅಷ್ಟೆಲ್ಲ ಯಾಕೆ, ಹಾಸನದಲ್ಲೇ ಹಾಸನಾಂಬೆಯ ಹೆಸರಿನ ಡೆಂಟಲ್ ಕಾಲೇಜಿದೆ. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಹತ್ತಿದರೆ ಇಳಿದು ಆಟೊ ಹಿಡಿಯುವುದಷ್ಟೇ ಬಾಕಿ.

‘ಅದು ತೀರಾ ಹತ್ರ ಆಯ್ತು’ ಅಂದರು ಭಾವ.

ಹತ್ತಿರವಿರುವುದು ತಪ್ಪು. ಹಾಸನಾಂಬೆ ಇದನ್ನು ಎಂದೋ ಅರ್ಥ ಮಾಡಿಕೊಂಡವಳು. ವರ್ಷಕ್ಕೊಮ್ಮೆ ದೀಪಾವಳಿ ಆಜುಬಾಜಿನಲ್ಲಿ ಕೆಲವೇ ದಿನ ಬಾಗಿಲು ತೆರೆಸಿಕೊಳ್ಳುತ್ತಾಳೆ, ಜನ ಕಿಲೋಮೀಟರುಗಟ್ಟಲೆ ಕ್ಯೂ ನಿಲ್ಲುತ್ತಾರೆ. ಅವಳ ಹೆಸರಿಟ್ಟುಕೊಂಡ ಕಾಲೇಜು ವರ್ಷವಿಡೀ ಬಾಗಿಲು ತೆರೆದಿಟ್ಟರೆ ನಮ್ಮವರಿಗೆ ಭಕ್ತಿ ಎಲ್ಲಿಂದ ಹುಟ್ಟಬೇಕು?

ಬಾಗಿಲು ತೆರೆದು ಕಾಯುವ ಕಷ್ಟ ಒಂದು ಕಾಲೇಜಿನದಲ್ಲ, ಇಡೀ ದೇಶದ್ದು. 2021ರ ಫೆಬ್ರವರಿಯಲ್ಲಿ ಮೊದಲ ವರ್ಷದ ಬಿಡಿಎಸ್‌ನಲ್ಲಿ ಸುಮಾರು 7,000 ಸೀಟು ಖಾಲಿ ಬಿದ್ದಿವೆಯೆಂದು ಸುಪ್ರೀಂ ಕೋರ್ಟೇ ನೀಟ್ ಅರ್ಹತೆಯನ್ನು 10 ಪರ್ಸೆಂಟೈಲ್ ಇಳಿಸಿತು. ಎಂಬಿಬಿಎಸ್ ಸೀಟಿಗೆ ಜನ ಹಲ್ಲು ಕಚ್ಚಿ ಹೊಡೆದಾಡುತ್ತಾರೆ, ಹಲ್ಲಿನ ಸೀಟನ್ನು ಕೇಳುವವರಿಲ್ಲ. ಇತ್ತ ಸೀಟು ಖಾಲಿ, ಅತ್ತ ಸೀಟಿಗಾಗಿ ವಿಮಾನ.

ವಿಮಾನ ಹತ್ತಿಸುವವರು ಹಾಸನದ ಒಂದು ಹೋಟೆಲಿನ ಹಾಲ್‌ನಲ್ಲಿ ಸಿಕ್ಕಿದರು. ಸೂಟು ಹಾಕಿದ ಹುಡುಗ, ಗೋಡೆಗೆ ಭೂಪಟ, ಮೇಜಿನ ಮೇಲೆ ಬಾದಾಮಿ ಹಾಲು. ಕನ್ಸಲ್ಟೆನ್ಸಿ ಅಂತೆ. ಹಿಂದೆ ಇಂಥವರನ್ನು ದಲ್ಲಾಳಿ ಅನ್ನುತ್ತಿದ್ದೆವು. ಅವನು ಜಾರ್ಜಿಯಾ ದೇಶದಲ್ಲಿ ‘ಸ್ಟೊಮಟಾಲಜಿ’ ಅಂದ. ಅಕ್ಕ ನನ್ನ ಕಿವಿಯಲ್ಲಿ, ‘ಹಲ್ಲಿಂದಲ್ವೇನೋ, ಇದ್ಯಾಕೋ ಹೊಟ್ಟೇದು ಅಂತಾನೆ’ ಅಂದಳು. ಆ ಕಡೆಯ ದೇಶಗಳಲ್ಲಿ ಹಲ್ಲಿನ ಓದಿಗೆ ಅದೇ ಹೆಸರು, ಗ್ರೀಕಿನಲ್ಲಿ ಸ್ಟೊಮ ಅಂದರೆ ಬಾಯಿ ಅಂತ ಸಮಾಧಾನ ಮಾಡಿದೆ. ಖರ್ಚೆಷ್ಟು ಅಂತ ಕೇಳಿದರೆ ಆ ಹುಡುಗ ಬಾಯಲ್ಲಿ ಹೇಳಲಿಲ್ಲ. ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ, ಅಂಗೈ ಅಡ್ಡ ಹಿಡಿದು, ಭಾವನಿಗೊಬ್ಬರಿಗೇ ತೋರಿಸಿದ. ಹಿಂದೆ ಕೂತಿದ್ದ ನಮ್ಮ ಹುಡುಗಿಯ ಅಜ್ಜ ಫಕ್ಕನೆ ನಕ್ಕರು. ದನದ ಜಾತ್ರೆಯಲ್ಲಿ ಟವಲ್ ಕೆಳಗೆ ಬೆರಳು ಹಿಡಿದು ರೇಟು ಹೇಳುವ ವ್ಯಾಪಾರ ಎಂಬತ್ತು ವರ್ಷದಿಂದ ನೋಡಿದವರು ಅವರು. ಸೂಟಿನೊಳಗಿಂದ ಟವಲ್ ಕಂಡುಬಿಟ್ಟಿತು.

ವಾಪಸ್ ಬಂದಮೇಲೆ ಏನು ಅಂತ ನಾನು ಕೇಳಿದೆ. ಹುಡುಗ ಬಾದಾಮಿ ಹಾಲು ಕುಡಿಯಿರಿ ಅಂದ. ಅವನು ಹೇಳದ್ದನ್ನು ನಾನು ದಾರಿಯಲ್ಲಿ ಭಾವನಿಗೆ ಹೇಳಿದೆ. ಹೊರಗೆ ಓದಿ ಬಂದವರು ಇಲ್ಲಿ ಇನ್ನೊಬ್ಬರ ಬಾಯಿಗೆ ಕೈ ಹಾಕಬೇಕಾದರೆ ಸ್ಕ್ರೀನಿಂಗ್ ಪರೀಕ್ಷೆ ಬರೆದು ನೂರಕ್ಕೆ ಐವತ್ತು ತೆಗೆಯಬೇಕು. ಇಲ್ಲಿ ಪರೀಕ್ಷೆಗೆ ಹೆದರಿ ಅಲ್ಲಿಗೆ ಹೋದವರಿಗೆ ಪರೀಕ್ಷೆ ಇಲ್ಲೇ ಕಾಯುತ್ತಿರುತ್ತದೆ. ಹಾವೇರಿ ಜಿಲ್ಲೆಯ ಚಳಗೇರಿಯಿಂದ ಮೆಡಿಕಲ್ ಓದಲು ಉಕ್ರೇನಿಗೆ ಹೋಗಿದ್ದ ಹುಡುಗ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ತಿನ್ನುವುದಕ್ಕೆ ಏನಾದರೂ ತರಲು ಹೊರಗೆ ಹೋದವನು ಶೆಲ್ ದಾಳಿಗೆ ಸತ್ತ. ಪಿಯುಸಿಯಲ್ಲಿ ಶೇ 97 ಬಂದಿದ್ದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ಅವನಪ್ಪ ಟೀವಿಯವರ ಮುಂದೆ ಹೇಳಿದ್ದನ್ನು ನಾವೆಲ್ಲ ಕೇಳಿದ್ದೇವೆ. ಅಷ್ಟು ಹೇಳಿ ನಾನು ಸುಮ್ಮನಾದೆ. ದುದ್ದ ದಾಟುವವರೆಗೆ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ.

ಮಾತು ಶುರುಮಾಡಿದ್ದು ಭಾವ. ‘ಹಂಗಾದ್ರೆ ಅಮೆರಿಕಾ?’

ಅಮೆರಿಕದಲ್ಲಿ ಪಿಯುಸಿ ಮುಗಿಸಿ ನೇರ ಡೆಂಟಲ್‌ಗೆ ಕೂರುವ ಹಾಗಿಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷ ಡಿಗ್ರಿ, ಆಮೇಲೆ ನಾಲ್ಕು ವರ್ಷ ಹಲ್ಲು. ಇಲ್ಲವೇ ಇಲ್ಲೇ ಇಂಟರ್ನ್‌ಶಿಪ್ ಸೇರಿ ಐದು ವರ್ಷದ ಬಿಡಿಎಸ್ ಮುಗಿಸಿ, ಅವರ ಬೋರ್ಡ್ ಪರೀಕ್ಷೆ ಪಾಸು ಮಾಡಿ, ಅಲ್ಲಿನ ಕಾಲೇಜಿನಲ್ಲಿ ಮತ್ತೆ ಎರಡು ಮೂರು ವರ್ಷ ಅದೇ ಮೂವತ್ತೆರಡು ಹಲ್ಲು ಓದಬೇಕು. ಗಂಡಸಿಯ ಹಲ್ಲು ಬೇರೆ, ಮಿಶಿಗನ್ನಿನ ಹಲ್ಲು ಬೇರೆ ಅಂತ ಅವರ ನಂಬಿಕೆ. ಖರ್ಚು ಸಲೀಸಾಗಿ ಕೋಟಿ ದಾಟುತ್ತದೆ. ಭಾವ ಕಣ್ಣು ಮುಚ್ಚಿ ಭಾಗಿಸಿದರು. ಒಂದು ಕೋಟಿಗೆ 826 ಕ್ವಿಂಟಲ್. ಅಟ್ಟ ಅಲ್ಲ, ಊರಿನ ಅಟ್ಟಗಳನ್ನೆಲ್ಲ ಇಳಿಸಬೇಕು.

ಅವರ ಧೈರ್ಯಕ್ಕೆಂದು ನಾನು ರಫಿಯುದ್ದೀನ್ ಅಹ್ಮದ್ ಕತೆ ಹೇಳಿದೆ. ಹೇಳಬಾರದಿತ್ತು. ಆತ ಅಮೆರಿಕದ ಅಯೋವಾದಲ್ಲಿ 1915ರಲ್ಲಿ ಡೆಂಟಲ್ ಮುಗಿಸಿದವರು. ಹೋಗದೆ ವಿಧಿಯಿರಲಿಲ್ಲ, ಇಲ್ಲಿ ಕಾಲೇಜೇ ಇರಲಿಲ್ಲ. ಹಿಂತಿರುಗಿ 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ಡೆಂಟಲ್ ಕಾಲೇಜು ತೆರೆದರು. ಅದಕ್ಕೆ ದುಡ್ಡು ಹುಟ್ಟಿಸಿದ್ದು ‘ನ್ಯೂಯಾರ್ಕ್ ಸೋಡಾ ಫೌಂಟನ್’ ಎಂಬ ಅಂಗಡಿಯಿಂದ. ಒಂದು ಕೈಯಲ್ಲಿ ಸೋಡಾ, ಒಂದು ಕೈಯಲ್ಲಿ ಹಲ್ಲು. ವ್ಯಾಪಾರದ ಎರಡು ತುದಿಯೂ ಅವರದೇ. ನಾನು ಹೇಳಹೊರಟದ್ದು ಹೋದವರು ಹಿಂದಿರುಗಿ ಬಂದರು ಅಂತ. ಭಾವ ಹಿಡಿದದ್ದು ಸೋಡಾವನ್ನು. ಹ್ಯಾಂಡ್‌ಪೋಸ್ಟಿನಲ್ಲಿ ಒಂದು ಮಳಿಗೆ ಖಾಲಿ ಇದೆಯಂತೆ.

ಇಷ್ಟು ದಿನದ ಪಂಚಾಯ್ತಿಯಲ್ಲಿ ಒಂದು ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಹಲ್ಲಿನ ಮಾತು.

ಅದು ಹೊರಬಿದ್ದದ್ದು ಪಾಸ್‌ಪೋರ್ಟ್ ಫೋಟೊಗೆ ಅಂತ ಅರಸೀಕೆರೆಯ ಸ್ಟುಡಿಯೊಗೆ ಹೋದಾಗ. ಫೋಟೊದವನು ‘ಸ್ವಲ್ಪ ನಗೀಮ್ಮ, ಇನ್ನೊಂದು ಮನೇಗಿರ್ಲಿ’ ಅಂದ. ಹುಡುಗಿ ತುಟಿ ಬಿಗಿಹಿಡಿದಳು. ಇನ್ನೊಂದು ಸಲ ಅಂದ. ಅವಳ ಕೈ ತಾನಾಗಿ ಬಾಯಿಗೆ ಹೋಯಿತು. ಆ ಕೈಯನ್ನು ನಾನು ಹತ್ತು ವರ್ಷದಿಂದ ನೋಡಿದ್ದೇನೆ, ನಾಚಿಕೆ ಅಂದುಕೊಂಡಿದ್ದೆ. ಅವಳ ಮುಂದಿನ ಹಲ್ಲುಗಳಲ್ಲಿ ಚಹಾದ ಕರೆಯ ಹಾಗೆ ಅಡ್ಡಡ್ಡ ಕಂದು ಗೆರೆಗಳಿವೆ. ಭಾವನಿಗೂ ಇವೆ, ನನಗೂ ಇವೆ. ಅಜ್ಜನಿಗಿಲ್ಲ. ಅಜ್ಜ ಹುಡುಗನಾಗಿದ್ದಾಗ ಕುಡಿದದ್ದು ತೆರೆದ ಬಾವಿ ನೀರು. ಬಾವಿ ಬತ್ತಿ, ಬೋರ್ ಇಳಿಸುತ್ತ ಇಳಿಸುತ್ತ ಹೋದ ಮೇಲೆ ನಮ್ಮ ಬಾಯಿಗೆ ಬಂದದ್ದು ಫ್ಲೋರೈಡ್. ಅರಸೀಕೆರೆ ತಾಲ್ಲೂಕಿಗೆ ಇದು ಹೊಸ ಸುದ್ದಿಯಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅನ್ನುವುದು ನಿಯಮ. ಮಗುವಿನ ಹಲ್ಲು ವಸಡಿನೊಳಗೆ ಇನ್ನೂ ಕಟ್ಟುತ್ತಿರುವಾಗಲೇ ನೀರು ಬರೆದುಬಿಡುತ್ತದೆ. ಆಮೇಲೆ ಯಾವ ಪೇಸ್ಟಿಗೂ ಅದು ಅಳಿಯುವುದಿಲ್ಲ.

ಫಾರಿನ್ ಅಂದಿರಲ್ಲ, ಇಲ್ಲಿ ಕೇಳಿ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಹೊಸ ಡಾಕ್ಟರು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದು ಅಂಗಡಿ ತೆರೆದರು. ಊರವರ ಹಲ್ಲೆಲ್ಲ ಕಂದು. ಅದು ಹಂದಿ ಮಾಂಸದಿಂದ, ಕೆಟ್ಟ ಹಾಲಿನಿಂದ ಅಂತ ಜನ ಏನೇನೋ ಹೇಳುತ್ತಿದ್ದರು. ಆತ ಮೂವತ್ತು ವರ್ಷ ಬಿಡದೆ ಆ ಕರೆಯ ಬೆನ್ನು ಹತ್ತಿದರು. 1931ರಲ್ಲಿ ಅಲ್ಯುಮಿನಿಯಂ ಕಂಪನಿಯ ಕೆಮಿಸ್ಟೊಬ್ಬರು ನೀರು ಪರೀಕ್ಷೆ ಮಾಡಿ ಫ್ಲೋರೈಡ್ ಅಂದರು. ಸ್ವಲ್ಪ ಇದ್ದರೆ ಹಲ್ಲು ಹುಳುಕಾಗುವುದಿಲ್ಲ ಎಂದೂ ಗೊತ್ತಾಗಿ, 1945ರಲ್ಲಿ ಮಿಶಿಗನ್ನಿನ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದವರು ನೀರಿಗೆ ಅದನ್ನು ಅಳೆದು ಬೆರೆಸಲು ಶುರುಮಾಡಿದರು. ಅಲ್ಲಿ ದುಡ್ಡು ಕೊಟ್ಟು ಬೆರೆಸಿಕೊಳ್ಳುತ್ತಾರೆ. ನಾವು ಶುದ್ಧ ನೀರಿನ ಘಟಕದ ತೂತಿಗೆ ನಾಣ್ಯ ಹಾಕಿ ತೆಗೆಸಿಕೊಳ್ಳುತ್ತೇವೆ. ನಮ್ಮ ಹುಡುಗಿ ಒಂದು ಕೋಟಿ ಕೊಟ್ಟು ಅಲ್ಲಿಗೆ ಹೋದರೆ, ಪಾಠದಲ್ಲಿ ಬರುವ ಬಣ್ಣದ ಚಿತ್ರ ಅವಳ ಬಾಯಿಯದೇ ಆಗಿರುತ್ತದೆ.

ಈ ಭಾಷಣ ಜಗಲಿಯಲ್ಲಿ ಯಾರಿಗೂ ರುಚಿಸಲಿಲ್ಲ. ‘ಓದಿ ಬಂದು ಗಂಡಸೀಲಿ ಕ್ಲಿನಿಕ್ ಇಟ್ರೆ ಯಾರ್ ಬತ್ತಾರೆ ಬಿಡೋ, ಇಲ್ಲಿ ಹಲ್ನೋವಿಗೆ ಲವಂಗ ಸಾಕು’ ಅಂದರು ಭಾವ, ಲವಂಗ ಅಗಿಯುತ್ತಲೇ. ಅವರ ಎಡದವಡೆ ವಾರದಿಂದ ಊದಿದೆ. ಇಲ್ಲಿನ ಸೀಟಿಗೆ ಕೆಇಎಯಲ್ಲಿ ಆಪ್ಷನ್ ಎಂಟ್ರಿ ಮಾಡಲು ಇನ್ನೂ ದಿನ ಇದೆಯಂತೆ, ಸೂಟಿನ ಹುಡುಗ ದಿನಕ್ಕೆರಡು ಸಲ ಫೋನ್ ಮಾಡುತ್ತಾನಂತೆ.

ಅಜ್ಜ ಮಾತ್ರ ಕಂಬಕ್ಕೊರಗಿ ಮೊಮ್ಮಗಳನ್ನು ಹತ್ತಿರ ಕರೆದರು. ಅವರು ಹಳ್ಳಿಕಾರ್ ಎತ್ತಿನ ತುಟಿ ಎತ್ತಿ ನೋಡಿ ಎರಡಲ್ಲು, ನಾಕಲ್ಲು, ಬಾಯಿಗೂಡಿದ್ದು ಅಂತ ವಯಸ್ಸು ಹೇಳುವವರು. ಅದನ್ನು ಯಾವ ದೇಶದಲ್ಲೂ ಕಲಿತವರಲ್ಲ. ‘ಎತ್ತಿಗೆ ಎಷ್ಟವ್ವ ಹಲ್ಲು?’ ಅಂದರು. ಹುಡುಗಿ ಮೊಬೈಲಿನಲ್ಲಿ ಹುಡುಕಿ, ‘ಮೂವತ್ತೆರಡೇ ಕಣ್ ತಾತ, ನಮ್ ಥರಾನೇ. ಮೇಲ್ಗಡೆ ಮುಂದ್ಗಡೆ ಮಾತ್ರ ಇಲ್ವಂತೆ’ ಅಂದಳು. ‘ಹೂಂ, ನಂಗೂವೆ’ ಅಂತ ಅಜ್ಜ ಬಾಯಿ ತೆರೆದರು. ಅವಳು ಮೊಬೈಲಿನ ಟಾರ್ಚ್ ಹಾಕಿ, ಹೆಬ್ಬೆರಳಿನಿಂದ ತುಟಿ ಮೆಲ್ಲಗೆ ಮಡಚಿ, ಎಣಿಸತೊಡಗಿದಳು. ಕೆಳಗೆ ಆರು, ಮೇಲೆ ಹಿಂದುಗಡೆ ಮೂರು, ಒಂದು ಅಲ್ಲಾಡುತ್ತಿದೆ. ಎಣಿಸುವ ಭರದಲ್ಲಿ ಬಾಯಿಗೆ ಕೈ ಅಡ್ಡ ಹಿಡಿಯುವುದು ಮರೆತು ನಗುತ್ತಿದ್ದಳು.

ಅಜ್ಜ ಹೆಗಲ ಮೇಲಿನ ಟವಲ್ ತೆಗೆದು ಅಂಗೈ ಮೇಲೆ ಹರವಿ, ಅದರ ಕೆಳಗಿಂದ ಬೆರಳು ಚಾಚಿದರು.

‘ಈಗ ಹೇಳವ್ವ, ಎಷ್ಟ್ ಕಟ್ತೀಯ?’