ಆರು ಲಕ್ಷದ ಬಡವ

ಸೂರತ್ತಿನ ಹಜೀರಾದ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರನ ಕೈಕೆಳಗೆ ಸೂಪರ್‌ವೈಸರ್ ಆಗಿರುವ, ಪಕ್ಕದ ಮೋರಾ ಊರಲ್ಲಿ ಬಾಡಿಗೆಗೆ ಮನೆ ಹಿಡಿದಿರುವ ವಿಜಯಪುರದ ಕಡೆಯ ಕನ್ನಡಿಗರನ್ನು ಮೇ ತಿಂಗಳಲ್ಲಿ ಹಿಡಿದು ನಿಲ್ಲಿಸಿ "ನಿಮ್ಮ ವರಮಾನ ಎಷ್ಟ್ರೀ?" ಅಂತ ಕೇಳಿ ನೋಡಿ. "ಯಾವ ಸ್ಕಾಲರ್‌ಶಿಪ್ಪಿಗೆ ಕೇಳಾಕತ್ತೀರಿ?" ಎಂದು ಅವರೇ ತಿರುಗಿ ಕೇಳುತ್ತಾರೆ. ಮಗ ಹನ್ನೆರಡನೇ ತರಗತಿ ಪಾಸಾಗಿದ್ದಾನೆ ಎಂದು ಅರ್ಥ.

ಓವರ್‌ಟೈಮ್ ಎಲ್ಲ ಸೇರಿ ಅವರ ವರ್ಷದ ಗಳಿಕೆ ಐದೂವರೆ ಲಕ್ಷ ಎಂದಿಟ್ಟುಕೊಳ್ಳೋಣ. ಗುಜರಾತ್ ಸರ್ಕಾರ 2015ರಲ್ಲಿ ಶುರು ಮಾಡಿದ ಮುಖ್ಯಮಂತ್ರಿ ಯುವ ಸ್ವಾವಲಂಬನ ಯೋಜನೆಯ ಮಿತಿ 6 ಲಕ್ಷ. ಅಲ್ಲಿ ಇವರು ಬಡವರು. ಎನ್‌ಐಟಿಯ ಬೋಧನಾ ಶುಲ್ಕ ವರ್ಷಕ್ಕೆ 1.25 ಲಕ್ಷ. ವರಮಾನ 1 ಲಕ್ಷದೊಳಗಿದ್ದರೆ ಅದು ಪೂರ್ತಿ ಮಾಫಿ, 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಅಲ್ಲಿ ಇವರು ಐವತ್ತು ಸಾವಿರದಷ್ಟು ಶ್ರೀಮಂತರು. ಕೇಂದ್ರ ಸರ್ಕಾರ ಪದವಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ 12,000 ಕೊಡುವ ಯೋಜನೆಯ ಮಿತಿ ನಾಲ್ಕೂವರೆ ಲಕ್ಷ. ಅಲ್ಲಿ ಇವರು ಸಾಹುಕಾರರು. ಎರಡೂವರೆ ಲಕ್ಷದ ಮಿತಿ ಇರುವ ಪೋಸ್ಟ್ ಮೆಟ್ರಿಕ್ ನೆರವಿನ ಕಣ್ಣಿಗಂತೂ ಜಮೀನ್ದಾರರು. ಇನ್ನು ಹಜೀರಾದಲ್ಲೇ ಬೃಹತ್ ಘಟಕ ಇಟ್ಟುಕೊಂಡಿರುವ ರಿಲಯನ್ಸ್‌ನವರ ಫೌಂಡೇಶನ್ ಪದವಿ ವಿದ್ಯಾರ್ಥಿಗಳಿಗೆ ಒಟ್ಟು 2 ಲಕ್ಷದವರೆಗೆ ಕೊಡುತ್ತದೆ. ಅದರ ಮಿತಿ 15 ಲಕ್ಷ. ಎರಡೂವರೆ ಲಕ್ಷದ ಒಳಗಿನವರಿಗೆ ಆದ್ಯತೆ ಉಂಟು, ಆದರೂ ಬಾಗಿಲು ಹದಿನೈದರವರೆಗೂ ತೆರೆದಿದೆ. ದೊಡ್ಡ ಶ್ರೀಮಂತರ ಕಣ್ಣಿಗೆ ಎಲ್ಲರೂ ಬಡವರಾಗಿಯೇ ಕಾಣುತ್ತಾರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ.

ಹೀಗೆ ಒಂದೇ ಸಂಬಳದ ಮನುಷ್ಯ ಒಂದೇ ಮಧ್ಯಾಹ್ನದಲ್ಲಿ ಎರಡು ಸಲ ಬಡವನಾಗಿ ಮೂರು ಸಲ ಶ್ರೀಮಂತನಾಗುತ್ತಾನೆ. ಊಟ ಮಾತ್ರ ಅದೇ ರೊಟ್ಟಿ, ಅದೇ ಪಲ್ಯ.

ವರಮಾನವನ್ನು ಕಾಗದದ ಮೇಲೆ ತರುವುದು ಮುಂದಿನ ಅಧ್ಯಾಯ. ಗುಜರಾತಿನಲ್ಲಿ ಇದರ ಹೆಸರು 'ಆವಕ್‌ನೋ ದಾಖಲೋ'. ಕೊಡುವವರು ಮಾಮಲತದಾರರು, ಹಳೇ ಮುಂಬೈ ಪ್ರಾಂತದ ಊರಿನವರಾದ್ದರಿಂದ ಮಾಮಲೇದಾರ ಎಂಬ ಮಾತು ನಮ್ಮ ವಿಜಯಪುರದವರಿಗೆ ಅಜ್ಜನ ಕಾಲದಿಂದ ಪರಿಚಿತ. ಆದರೆ ಪರಿಚಯಕ್ಕೆ ಕೌಂಟರಿನಲ್ಲಿ ಬೆಲೆಯಿಲ್ಲ. "ಸರ್ವರ್ ಡೌನ್ ಛೇ, ಕಾಲೆ ಆವಜೋ" ಎಂದು ಒಳಗಿನಿಂದ ದನಿ ಬರುತ್ತದೆ. ನಾಳೆ ಬಾ ಎಂಬುದನ್ನು ಹಿಂದೂಸ್ಥಾನದ ಯಾವ ಭಾಷೆಯಲ್ಲಿ ಹೇಳಿದರೂ ಅರ್ಥವಾಗುತ್ತದೆ. ಪುಣ್ಯಕ್ಕೆ ಒಮ್ಮೆ ಸಿಕ್ಕ ದಾಖಲೋ ಮೂರು ವರ್ಷ ನಡೆಯುತ್ತದೆ.

ಆಮೇಲೆ ಅರ್ಜಿ. ಅದರ ಮೊದಲ ಚೌಕದಲ್ಲೇ 'ಅಟಕ್' ಕೇಳುತ್ತಾರೆ. ಗುಜರಾತಿನಲ್ಲಿ ಅಡ್ಡಹೆಸರು ಮೊದಲು, ನಂತರ ಸ್ವಂತ ಹೆಸರು, ಕೊನೆಗೆ ಅಪ್ಪನ ಹೆಸರು. ಪಾಟೀಲ, ಕುಲಕರ್ಣಿ, ದೇಸಾಯಿಗಳು ಇಲ್ಲಿ ಗೆದ್ದರು. ದೇಸಾಯಿಯನ್ನು ಸೂರತ್ತಿನವರು ತಮ್ಮವನೇ ಎಂದು ಮಾತಾಡಿಸಿಯೂ ಬಿಡುತ್ತಾರೆ. ಒದ್ದಾಟವೆಲ್ಲ ಹಳೇ ಮೈಸೂರಿನ ಕಡೆಯವರದು. ಅವರ ಹೆಸರಿನ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಅಟಕ್ ಇಲ್ಲ ಎಂದರೆ ಗುಮಾಸ್ತರು ನಂಬುವುದಿಲ್ಲ. ಹಾಗಾಗಿ ಶಾಲೆಗೆ ಸೇರಿಸುವಾಗ ಊರ ಹೆಸರನ್ನೇ ಬರೆಸಿರುತ್ತಾರೆ, ಹುಡುಗ ಹತ್ತು ವರ್ಷ 'ಹೊಸಹಳ್ಳಿಭಾಯಿ' ಆಗಿ ಓದಿರುತ್ತಾನೆ. ಆಧಾರ್ ಕಾರ್ಡ್ ಮಾಡಿಸಿದ್ದು ರಜೆಗೆ ಊರಿಗೆ ಹೋದಾಗ; ಅದರಲ್ಲಿ ಬರೀ ಇನಿಷಿಯಲ್. ಅಂಕಪಟ್ಟಿಯ ಹುಡುಗ ಬೇರೆ, ಆಧಾರಿನ ಹುಡುಗ ಬೇರೆ ಎಂದು ಪೋರ್ಟಲ್ ತೀರ್ಪು ಕೊಡುತ್ತದೆ. ಇಬ್ಬರೂ ಒಬ್ಬನೇ ಎಂದು ಅಪ್ಪ ನೋಟರಿಯ ಮುಂದೆ ಪ್ರಮಾಣ ಮಾಡಬೇಕು. ಹೆತ್ತಮ್ಮನ ಮಾತು ಲೆಕ್ಕಕ್ಕಿಲ್ಲ, ಸ್ಟಾಂಪ್ ಪೇಪರ್ ಬೇಕು.

ಇಷ್ಟಾದ ಮೇಲೆ ಬರುತ್ತದೆ ನಿಜವಾದ ಪ್ರಶ್ನೆ: "ತಮೆ ಕ್ಯಾಂನಾ?" ನೀವು ಎಲ್ಲಿಯವರು? ಪರಿಶಿಷ್ಟ ಜಾತಿಯ ಮಕ್ಕಳಿಗೆ ಸಿಗುವ ಪೋಸ್ಟ್ ಮೆಟ್ರಿಕ್ ನೆರವನ್ನು ವಿದ್ಯಾರ್ಥಿಯ ಮೂಲ ರಾಜ್ಯ ಕೊಡಬೇಕು ಎಂಬುದು ನಿಯಮ. ಒಂದು ರಾಜ್ಯದ ಪರಿಶಿಷ್ಟ ಜಾತಿಯ ಸ್ಥಾನಮಾನ ವಲಸೆ ಹೋದ ರಾಜ್ಯಕ್ಕೆ ಜೊತೆಯಲ್ಲಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಸರಿ, ಕರ್ನಾಟಕಕ್ಕೆ ಹೋದರೆ ಅಲ್ಲಿನ ಪೋರ್ಟಲ್ ನಾಡಕಚೇರಿಯ ಪ್ರಮಾಣಪತ್ರದ ಆರ್‌ಡಿ ನಂಬರ್ ಕೇಳುತ್ತದೆ. ನಾಡಕಚೇರಿಯವರು "ನೀವಿಲ್ಲಿ ವಾಸಾನೇ ಇಲ್ಲಲ್ರೀ" ಎನ್ನುತ್ತಾರೆ. ಅದೂ ಸುಳ್ಳಲ್ಲ. ಸೂರತ್ತಿನಲ್ಲಿ ಕರ್ನಾಟಕದವನು, ಸಿಂದಗಿಯಲ್ಲಿ ಗುಜರಾತಿನವನು. ರೈಲಿನಲ್ಲಿ ಸೊಲ್ಲಾಪುರ ದಾಟುವಾಗ ಮಾತ್ರ ಅವನು ಯಾವ ಕಚೇರಿಗೂ ಉತ್ತರ ಕೊಡಬೇಕಿಲ್ಲ.

ಹಿಂದೆ ಬಡ ಹುಡುಗರನ್ನು ಓದಿಸುವ ಈ ಕೆಲಸ ಹೇಗೆ ನಡೆಯುತ್ತಿತ್ತು ಎಂದು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ತಂದೆ ಇಲ್ಲದ ಹುಡುಗ, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿದವರು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಆದರು. ಪ್ರಿನ್ಸಿಪಾಲರು ಹುಡುಗನ ಬುದ್ಧಿ ಬಲ್ಲವರು, ದಿವಾನ ರಂಗಾಚಾರ್ಲು ಮನಸ್ಸು ಮಾಡಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹುಡುಗ ಪುಣೆಯ ವಿಜ್ಞಾನ ಕಾಲೇಜಿಗೆ ಹೋದ. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ, ಮರುವರ್ಷ ಮುಂಬೈ ಸರ್ಕಾರದಲ್ಲಿ ಎಂಜಿನಿಯರ್ ಕೆಲಸ. 1890ರ ದಶಕದಲ್ಲಿ ವರ್ಗವಾಗಿ ಬಂದದ್ದು ಎಲ್ಲಿಗೆ? ಇದೇ ಸೂರತ್ತಿಗೆ, ನಗರದ ನೀರು ಪೂರೈಕೆಯ ಕೆಲಸಕ್ಕೆ. ಮೈಸೂರಿನ ದುಡ್ಡಿನಲ್ಲಿ ಓದಿದವರು ಮೊದಲು ಸೂರತ್ತಿನ ನೀರಿಗೆ ದುಡಿದರು, ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಆ ಲೆಕ್ಕದಲ್ಲಿ ಹಜೀರಾದ ಕನ್ನಡ ಹುಡುಗನಿಗೆ ಸೂರತ್ತು ಸ್ವಲ್ಪ ಸಾಲ ತೀರಿಸಬೇಕಿದೆ ಎಂದು ವಾದಿಸಬಹುದು. ಅರ್ಜಿಯಲ್ಲಿ ಆ ಕಾಲಂ ಇಲ್ಲ.

ಅತ್ತ ವಡೋದರದಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಅಂಬೇಡ್ಕರರನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಪ್ರತಿಯಾಗಿ ಹತ್ತು ವರ್ಷ ಸಂಸ್ಥಾನದ ಸೇವೆ. 1917ರಲ್ಲಿ ಸೇವೆಗೆಂದು ಬಂದ ಆ ವಿದ್ವಾಂಸರಿಗೆ ಊರಲ್ಲಿ ವಾಸಕ್ಕೆ ಮನೆ ಕೊಡುವವರಿರಲಿಲ್ಲ. ದುಡ್ಡು ಓದಿಸುತ್ತದೆ, ಊರನ್ನು ತಿದ್ದುವುದಿಲ್ಲ. ಅಂದಿನದೆಲ್ಲ ಚೆನ್ನಾಗಿತ್ತು ಎಂದು ಹಾಡಿ ಹೊಗಳುವವರು ಇದನ್ನೂ ನೆನೆಯಬೇಕು.

ನಮ್ಮ ಸಮಾಜಗಳೂ ಸುಮ್ಮನೆ ಕೂತಿಲ್ಲ. ಹೊರನಾಡಿನ ಸಂಘಗಳಲ್ಲಿ ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಮೂರು ತಾಸು ಭಾಷಣ, ಒಂದು ಶಾಲು, ಒಂದು ಫಲಕ, ಲಕೋಟೆಯಲ್ಲಿ ಸಾವಿರದ ಒಂದು ರೂಪಾಯಿ. ಫಲಕ ಮಾಡಿಸಿದ ಖರ್ಚು, ಅತಿಥಿಗಳ ಹಾರದ ಖರ್ಚು ಸೇರಿಸಿದ್ದರೆ ಹುಡುಗನ ಒಂದು ಸೆಮಿಸ್ಟರಿನ ಪುಸ್ತಕ ಬರುತ್ತಿತ್ತು. ಸೂರತ್ತಿನಲ್ಲೇ ಜೈನ ಮತ್ತು ಪಟೇಲ ಸಮಾಜದ ಟ್ರಸ್ಟ್‌ಗಳು ಬಡ್ಡಿಯಿಲ್ಲದ ಸಾಲ ಕೊಟ್ಟು ಓದಿಸುತ್ತವೆ. ಓದಿದವನು ತೀರಿಸಿದ ದುಡ್ಡು ಮುಂದಿನವನಿಗೆ ಹೋಗುತ್ತದೆ. ಜಮ್ಷೆಡ್‌ಜಿ ಟಾಟಾ 1892ರಲ್ಲೇ ಹಾಕಿಕೊಟ್ಟ ದಾರಿ ಇದು. ಅವರು ಹುಟ್ಟಿದ್ದು ಇಲ್ಲಿಂದ ದೂರವಲ್ಲದ ನವಸಾರಿಯಲ್ಲಿ. ನೆರೆಯವರಿಂದ ಖಮಣ್ ಮಾಡುವುದನ್ನು ಕಲಿತ ನಾವು ಇದನ್ನೂ ಕಲಿಯಬಹುದಿತ್ತು.

ಈ ಸಲ ಹನ್ನೆರಡನೇ ತರಗತಿಯ ಮಕ್ಕಳಿರುವ ಹಜೀರಾದ ಅಪ್ಪ ಅಮ್ಮಂದಿರು ಫಲಿತಾಂಶಕ್ಕೆ ಕಾಯುವುದು ಬೇಡ. ಆವಕ್‌ನೋ ದಾಖಲೋ ಈಗಲೇ ಮಾಡಿಸಿ. ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರು ಅಕ್ಷರಕ್ಕಕ್ಷರ ಒಂದೇ ಇದೆಯೇ ನೋಡಿ. ಮಗನ ಆಧಾರ್ ಯಾವ ಬ್ಯಾಂಕಿನ ಖಾತೆಗೆ ಜೋಡಣೆಯಾಗಿದೆ ಎಂದು ಕೇಳಿ ತಿಳಿದುಕೊಳ್ಳಿ. ಸರ್ಕಾರದ ದುಡ್ಡು ನೀವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ.