ಗೈವಾನ್ ಅದ ಏನ್ರಿ?

ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದು ಮಲಗುವ ಚಟ ನಿಮಗೂ ಇದ್ದರೆ, ಬೇಡದ ಸಾಮಾನು ಬೇಕೇ ಬೇಕು ಅನ್ನಿಸುವ ಘಳಿಗೆ ನಿಮಗೂ ಗೊತ್ತು. ಕೆಲವರಿಗೆ ಹೊಟ್ಟೆ ಕರಗಿಸುವ ಬೆಲ್ಟು, ಕೆಲವರಿಗೆ ಬೆನ್ನು ತಿಕ್ಕುವ ಮಷೀನು. ನನಗೆ ಚೀನಾದವರ ಚಾ ಮಾಡುವ ಸಾಮಾನು ಗಂಟುಬಿತ್ತು. ವಿಡಿಯೋದಲ್ಲಿ ಒಬ್ಬಾತ ಅಂಗೈಯಗಲದ ಬಟ್ಟಲಿಗೆ ಎಲೆ ಹಾಕಿ, ಬಿಸಿನೀರು ಹೊಯ್ದು, ಹತ್ತಿಪ್ಪತ್ತು ಸೆಕೆಂಡಿಗೆ ಬಸಿದುಕೊಂಡ. ಅದೇ ಎಲೆಗೆ ಮತ್ತೆ ನೀರು, ಮತ್ತೆ ಚಾ. ಫುಜಿಯಾನ್ ಮತ್ತು ಚಾವ್‌ಝೌ ಕಡೆಯ ಈ ಪದ್ಧತಿಯ ಹೆಸರು ಗೊಂಗ್‌ಫು ಚಾ. ಹಾಲು ಬೇಡ, ಸಕ್ಕರೆ ಬೇಡ, ಒಮ್ಮೆ ಹಾಕಿದ ಎಲೆ ಏಳೆಂಟು ಸಲ ಬರುತ್ತದೆ! ನನ್ನೊಳಗಿನ ಜಿಪುಣ ಧಡಕ್ಕನೆ ಎದ್ದು ಕೂತ.

ಎಂಟನೇ ಶತಮಾನದಲ್ಲೇ ಲು ಯು ಎಂಬ ಪುಣ್ಯಾತ್ಮ ಚಾ ಬಗ್ಗೆ ಪುಸ್ತಕ ಬರೆದು, ಇಪ್ಪತ್ತಕ್ಕೂ ಹೆಚ್ಚು ಪರಿಕರಗಳ ಪಟ್ಟಿ ಕೊಟ್ಟಿದ್ದಾನೆ. ನಾನು ಸಂಯಮಿ, ಮೂರಕ್ಕೆ ಇಳಿಸಿದೆ. ಮುಚ್ಚಳ-ಬಸಿ ಸಮೇತ ಪಿಂಗಾಣಿ ಬಟ್ಟಲು, ಅಂದರೆ ಗೈವಾನ್. ಯಿಶಿಂಗ್ ಊರಿನ ಮಣ್ಣಿನ ಪುಟಾಣಿ ಕೆಟಲ್. ಚೆಲ್ಲಿದ ನೀರು ಇಳಿಯಲು ತೂತಿನ ಟ್ರೇ. ಆನ್‌ಲೈನಿನಲ್ಲಿ ತರಿಸಬಹುದಿತ್ತು. ಆದರೆ ಪಿಂಗಾಣಿ ನೋಡಿ, ದಾರಿಯಲ್ಲಿ ಯಾರಾದರೂ ಬೀಳಿಸಿ ಒಡೆದರೆ? ಅಂಥ ಕೆಲಸವನ್ನು ಪರರಿಗೆ ಬಿಡಬಾರದು.

ನಮ್ಮ ಸಿರವಾರ ಈಗ ಮಾನ್ವಿಯಿಂದ ಬೇರೆಯಾಗಿ ಸ್ವಂತ ತಾಲೂಕು. ತಾಲೂಕು ಅಂದಮೇಲೆ ಗೈವಾನ್ ಸಿಗದೇ ಇರುತ್ತದೆಯೇ? ಭಾಂಡೆ ಅಂಗಡಿಗೆ ಹೋಗಿ ಗತ್ತಿನಿಂದ "ಗೈವಾನ್ ಅದ ಏನ್ರಿ?" ಅಂದೆ. "ಅದು ನಮ್ಮಲ್ಲಿ ಬರಂಗಿಲ್ರಿ, ಗೊಬ್ಬರದ ಅಂಗಡ್ಯಾಗ ಕೇಳ್ರಿ" ಅಂದರು. ವಿವರಿಸುವ ಬದಲು ಹೋಗಿಯೇ ಬಿಟ್ಟೆ. ಅಲ್ಲಿನ ಹುಡುಗ ಪೆನ್ನು ತೆಗೆದು, "ಎಷ್ಟು ಎಂಎಲ್‌ದು ಬೇಕ್ರಿ ಸರ?" ಎಂದ. ಆಹಾ, ಎಂಥ ತಿಳುವಳಿಕೆ! ಗೈವಾನ್ ಅಳೆಯುವುದೇ ಎಂಎಲ್ ಲೆಕ್ಕದಲ್ಲಿ. "ನೂರರದ್ದು ಸಾಕಪ್ಪ, ನಾವು ಇಬ್ಬರೇ" ಅಂದೆ. "ನೂರು ಸಾಲಂಗಿಲ್ರಿ, ಈ ಸಲ ಹುಳ ಭಾಳ ಬಿದ್ದಾವ. ಹತ್ತಿಗೋ, ಮೆಣಸಿನಕಾಯಿಗೋ?" ಹಿಂದೆ ನಾಲ್ಕು ಜನ ರೈತರು ಕಾಯುತ್ತಿದ್ದರು. ಆಗ ಚೀನಾ, ಚಾ ಅಂತ ಕಥೆ ಬಿಚ್ಚುವ ಧೈರ್ಯ ಯಾರಿಗಿರುತ್ತದೆ ಹೇಳಿ? ಮರ್ಯಾದೆ ಉಳಿಸಿಕೊಳ್ಳಲು ಸ್ಪ್ರೇಯರಿನ ನಾಜಲ್ ಒಂದನ್ನು ಕೊಂಡು ಹೊರಬಿದ್ದೆ. ನನಗೆ ಹೊಲವೇ ಇಲ್ಲ.

ಪಿಂಗಾಣಿ ಹೋದರೆ ಹೋಗಲಿ, ಮಣ್ಣಾದರೂ ಸಿಗಲಿ ಅಂತ ಮಾನ್ವಿಯಲ್ಲಿ ಕುಂಬಾರರೊಬ್ಬರನ್ನು ಹುಡುಕಿದೆ. ಧೂಳಿನಲ್ಲಿ ಬೆರಳಿಂದ ಕೆಟಲ್ಲಿನ ಚಿತ್ರ ಬರೆದೆ. ಅವರು ಅದನ್ನು ಸುತ್ತ ತಿರುಗಿ ನೋಡಿ, "ಆನಿ ಏನ್ರಿ?" ಅಂದರು. ಕೊನೆಗೆ ಒಂದು ಚೆಂದದ ಕುಡಿಕೆ ಕೊಟ್ಟು, "ಒಂದು ರಾತ್ರಿ ನೀರಾಗ ನೆನಿ ಇಡ್ರಿ. ಒಮ್ಮಿಗೇ ಸುಡೋ ನೀರು ಹಾಕಬ್ಯಾಡ್ರಿ" ಎಂದು ಎಚ್ಚರಿಸಿದರು. ಇಡೀ ರಾತ್ರಿ ವಿಡಿಯೋ ನೋಡಿದವನಿಗೆ ಬುದ್ಧಿ ಹೇಳುವುದೇ? ಮನೆಗೆ ಬಂದವನೇ ಚಾಪುಡಿ ಹಾಕಿ ಕುದಿನೀರು ಸುರಿದೆ. ಟಪ್ ಅಂತ ಸದ್ದು. ಯಿಶಿಂಗ್ ಮಣ್ಣನ್ನು ಸಾವಿರದ ನೂರು ಡಿಗ್ರಿಗೂ ಮೇಲೆ ಸುಟ್ಟು ಗಟ್ಟಿ ಮಾಡಿರುತ್ತಾರೆ. ನಮ್ಮ ಕುಡಿಕೆ ಸಣ್ಣ ಬಿಸಿಯಲ್ಲಿ ಸುಟ್ಟದ್ದು, ನೀರು ಜಿನುಗಿಸಿ ತಂಪಿಡುವುದು ಅದರ ಧರ್ಮ. ಈ ಜ್ಞಾನೋದಯ ಆಗುವಷ್ಟರಲ್ಲಿ ಚಾ ಹರಿದು, ಹೆಂಡತಿ ಒಣಹಾಕಿದ್ದ ಸಂಡಿಗೆಯ ತನಕ ತಲುಪಿತ್ತು. ಆ ವರ್ಷ ನಮ್ಮ ಮನೆಯ ಸಂಡಿಗೆ ಕರಿಯುವ ಮೊದಲೇ ಕೆಂಪಗಿತ್ತು.

ಮುಂದೆ ದೇವದುರ್ಗ. ಫ್ಯಾನ್ಸಿ ಸ್ಟೋರ್ ಒಂದರ ಗಾಜಿನ ಹಿಂದೆ ಕಂಡಿತು ನೋಡಿ: ಪುಟ್ಟ ಕೆಟಲ್, ಪುಟ್ಟ ಕಪ್ಪು-ಬಸಿ, ತೂತಿನ ಟ್ರೇ! ಅಳತೆಯೂ ವಿಡಿಯೋದಲ್ಲಿದ್ದಷ್ಟೇ. "ಪ್ಯಾಕ್ ಮಾಡ್ರಿ" ಎಂದೆ. ಅಕ್ಕ ನಗುತ್ತಾ ಕೇಳಿದರು, "ಕೂಸಿಗೆ ಎಷ್ಟು ವರ್ಷ ಆತ್ರಿ?" ನನ್ನ ವಯಸ್ಸು ಕೇಳಿದರೆಂದು ತಿಳಿದು "ನಲವತ್ತಾರು" ಅಂದೆ. ಅವರು ಏನೂ ಮಾತಾಡದೆ ಒಂದು ಬಲೂನನ್ನೂ ಸೇರಿಸಿ ಕೊಟ್ಟರು. ಮನೆಯಲ್ಲಿ ಬಿಸಿನೀರು ಬಿದ್ದೊಡನೆ ಪ್ಲಾಸ್ಟಿಕ್ ಕೆಟಲ್ಲಿನ ಮೂತಿ ಮೆಲ್ಲಗೆ ಬಾಗಿ ನನಗೆ ನಮಸ್ಕಾರ ಮಾಡಿತು.

ಛಲ ಬಿಡಲಿಲ್ಲ, ರಾಯಚೂರಿಗೆ ಹೋದೆ. ಬಿಸಿಲಲ್ಲಿ ತೀನ್ ಕಂದೀಲ್ ಸುತ್ತ ಅಲೆದಾಗ ಪಿಂಗಾಣಿ ಅಂಗಡಿಯೊಂದರಲ್ಲಿ ಬಿಳಿ ಸಕ್ಕರೆ ಬಟ್ಟಲು ಸಿಕ್ಕಿತು. ಮುಚ್ಚಳವಿದೆ, ಬಸಿಯಿದೆ, ಬಾಯಿ ಹೊರಕ್ಕೆ ಬಾಗಿದೆ. ಗೈವಾನಿಗೆ ಇಷ್ಟೇ ಲಕ್ಷಣ! ಸಂತೋಷ ತಡೆಯದೆ ಹಿಡಿಯುವ ಕ್ರಮವನ್ನು ಅಂಗಡಿಯವರಿಗೆ ಕಲಿಸಲು ನಿಂತೆ. "ನೋಡ್ರಿ, ಹೆಬ್ಬೆಟ್ಟು, ನಡುಬೆರಳು ಅಂಚಿಗೆ. ತೋರುಬೆರಳು ಮುಚ್ಚಳದ ಮ್ಯಾಲೆ. ಹೀಂಗ ಸ್ವಲ್ಪ ಬಗ್ಗಿಸಿದ್ರ…" ಬಗ್ಗಿಸಿದೆ. ಮುಚ್ಚಳ ಜಾರಿತು. ಅದನ್ನು ಹಿಡಿಯಲು ಹೋದ ಮೊಣಕೈ ಹಿಂದಿದ್ದ ಡಿನ್ನರ್ ಸೆಟ್ಟಿಗೆ ಬಡಿಯಿತು. ಆ ಸದ್ದಿಗೆ ಕೋಟೆಯ ಮೇಲಿನ ಪಾರಿವಾಳಗಳೂ ಹಾರಿರಬೇಕು. ದುಡ್ಡು ಎಣಿಸಿಕೊಟ್ಟೆ. ಮಾಲೀಕರೇ ಮರುಗಿ, ಕೂರಿಸಿ, ನನಗೊಂದು ಚಾ ತರಿಸಿದರು. ಶುಂಠಿ ಹಾಕಿದ, ಹಾಲು-ಸಕ್ಕರೆಯ ಗಟ್ಟಿ ಚಾ. ಕುಡಿದೊಡನೆ ಇನ್ನೇನೂ ಬೇಡ ಅನ್ನಿಸಿತು. ಆದರೆ ಅಷ್ಟರಲ್ಲಿ ದೊಡ್ಡಪ್ಪ-ದೊಡ್ಡವ್ವರನ್ನು 'ಚೀನಾ ಚಾ'ಕ್ಕೆ ಕರೆದಾಗಿತ್ತು.

ಅವರು ಬಂದು ಕೂತರು. ಮುಚ್ಚಳ ಕಳೆದುಕೊಂಡ ಆ ಸಕ್ಕರೆ ಬಟ್ಟಲಿಗೆ ಹಾಲಿನ ತಂಬಿಗೆಯ ಸ್ಟೀಲ್ ಮುಚ್ಚಳ ಸರಿಹೊಂದಿತು. ನೀರು ಕುದಿಯಿತು. ಆಗ ಹೆಂಡತಿ ಮೆಲ್ಲಗೆ ಕೇಳಿದಳು, "ರೀ, ಎಲಿ ಎಲ್ಲದಾವ?"

ಎಲೆ! ಊರೂರು ತಿರುಗಿ ಸಾಮಾನು ಹುಡುಕಿದವನು ಎಲೆಯನ್ನು ನೆನೆಸಿರಲೇ ಇಲ್ಲ. ಮನೆಯಲ್ಲಿದ್ದದ್ದು ನಮ್ಮ ನಿಮ್ಮ ಸಿಟಿಸಿ ಚಾಪುಡಿ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ಈ ಪದ್ಧತಿ ಎಲೆಯನ್ನು ಹಿಂಡಿ, ಹರಿದು, ಸುರುಳಿ ಮಾಡಿ ಕಾಳಾಗಿಸುತ್ತದೆ. ಸತ್ವವನ್ನೆಲ್ಲ ಒಂದೇ ಸಲಕ್ಕೆ ಬಿಡುವುದು ಅದರ ಗುಣ. ಅದನ್ನೇ ಅರ್ಧ ಬಟ್ಟಲು ಸುರಿದೆ. ಶಾಸ್ತ್ರದಂತೆ ಮೊದಲ ನೀರನ್ನು ಚೆಲ್ಲಿದೆ. "ಅಯ್ಯ ನನ ಮಗನ, ಚಾ ಎಲ್ಲಾ ಚೆಲ್ಲಿದೆಲ್ಲೋ!" ಎಂದು ದೊಡ್ಡವ್ವ ಎದೆ ಹಿಡಿದುಕೊಂಡರು. ಎರಡನೆಯದು ಡಾಂಬರಿನ ಬಣ್ಣದಲ್ಲಿ, ಅರ್ಧ ಪುಡಿ ಸಮೇತ ಇಳಿಯಿತು. ದೊಡ್ಡಪ್ಪ ಕಣ್ಣು ಮುಚ್ಚಿ ಗಟಗಟ ನುಂಗಿ, ಬಾಯಿ ಒರೆಸಿಕೊಂಡು ಕೇಳಿದರು: "ಕೆಮ್ಮಿಗೆ ಛಲೋ ಅದ ತಮ್ಮಾ. ಊಟಕ್ಕ ಮೊದಲೋ, ಆಮ್ಯಾಲೋ?"

ಹಾಲು-ಸಕ್ಕರೆ ಉಳಿಸಲು ಹೊರಟವನು ಖರ್ಚು ಮಾಡಿದ ದುಡ್ಡಲ್ಲಿ ಬಸ್ ಸ್ಟ್ಯಾಂಡಿನ ಚಾ ಅಂಗಡಿಯನ್ನೇ ಕೊಳ್ಳಬಹುದಿತ್ತು. ನಿಮಗೂ ಈ ಹುಚ್ಚು ಹಿಡಿದಿದ್ದರೆ ನನ್ನ ಮಾತು ಕೇಳಿ. ಅಂಗಡಿಗೆ ಹೋಗಿ ಚೀನೀ ಹೆಸರು ಹೇಳಬೇಡಿ. ಮುಚ್ಚಳವಿರುವ ಸಣ್ಣ ಪಿಂಗಾಣಿ ಬಟ್ಟಲು ಕೊಡಿ ಅನ್ನಿ, ನಮ್ಮ ಜಿಲ್ಲೆಯಲ್ಲೇ ಸಿಗುತ್ತದೆ. ನೂರು ಎಂಎಲ್ ನೀರಿಗೆ ಐದಾರು ಗ್ರಾಂ ಇಡೀ ಎಲೆ ಸಾಕು. ಅಂಚಿನ ತನಕ ನೀರು ತುಂಬಿದರೆ ಬೆರಳು ಸುಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಎಲೆ ತನ್ನಿ, ಆಮೇಲೆ ಬಟ್ಟಲು. ಮತ್ತೆ, ಯಾರಿಗಾದರೂ ಸ್ಪ್ರೇಯರಿನ ನಾಜಲ್ ಬೇಕಿದ್ದರೆ ತಿಳಿಸಿ. ಹೊಸದಿದೆ, ಅರ್ಧ ಬೆಲೆಗೆ ಕೊಡುತ್ತೇನೆ.